ಎಳೆಯುವ ಬಲ, ಹೊರುವ ಮಿತಿ

ಅಮೆರಿಕದವರ ಟ್ರಾವೆಲ್ ಟ್ರೇಲರ್ ಅಂದರೆ ಚಕ್ರದ ಮೇಲಿನ ಮನೆ. ಮಂಚ, ಒಲೆ, ಫ್ರಿಜ್, ಬಚ್ಚಲು, ಕಕ್ಕಸು ಎಲ್ಲವೂ ಅದರೊಳಗೇ ಇರುತ್ತವೆ. ಇಲ್ಲದ್ದು ಎಂಜಿನ್ ಒಂದೇ. ಅದನ್ನು ಎಳೆಯಲು ಬೇರೆ ಗಾಡಿ ಬೇಕು. ಯಾವ ಗಾಡಿ ಎಂಬ ಮಾತು ಬಂದಾಗ ಬಹಳ ಜನ ಬೆರಳು ತೋರಿಸುವುದು ಡೀಸೆಲ್ ಪಿಕಪ್ ಕಡೆಗೆ: ಫೋರ್ಡ್ ಎಫ್-250, ರ‍್ಯಾಮ್ 2500, ಶೆವರ್ಲೆ ಸಿಲ್ವೆರಾಡೊ 2500. ಬರೀ ಡೀಸೆಲ್ ಎಂಜಿನ್‌ಗೇ ಪೆಟ್ರೋಲ್‌ಗಿಂತ ಸುಮಾರು 10,000 ಡಾಲರ್ ಹೆಚ್ಚು ಕೊಡಬೇಕು. ಕೊಳ್ಳುವವರು ಇದನ್ನು ಯಂತ್ರದ ಪ್ರಶ್ನೆ ಎಂದುಕೊಂಡೇ ತಲೆ ಕೆಡಿಸಿಕೊಳ್ಳುತ್ತಾರೆ. ನನಗಿದು ಪರಿಗ್ರಹದ ಪ್ರಶ್ನೆಯಾಗಿ ಕಾಣುತ್ತದೆ. ವರ್ಷದಲ್ಲಿ ಕೆಲವೇ ವಾರ ಬೇಕಾಗುವ ಬಲವನ್ನು ವರ್ಷಪೂರ್ತಿ ಇಟ್ಟುಕೊಳ್ಳುವುದು ವಿವೇಕವೋ, ದುರಾಸೆಯೋ? ಮಾರುವವರು ವಿವೇಕ ಎನ್ನುತ್ತಾರೆ, ಪರಿಸರದ ಕಾಳಜಿಯವರು ದುರಾಸೆ ಎನ್ನುತ್ತಾರೆ. ಇಬ್ಬರೂ ಗಾಡಿಯನ್ನು ನೋಡಿ ತೀರ್ಪು ಕೊಡುತ್ತಿದ್ದಾರೆ. ಗಾಡಿಯ ಮೇಲೆ ಏನು ಹೇರಿದೆ, ಅದು ಖಾಲಿ ಇದ್ದಾಗ ಏನು ಮಾಡುತ್ತಿದೆ ಎಂದು ನೋಡುವ ಇನ್ನೊಂದು ಅಳತೆಗೋಲು ಜೈನ ಗೃಹಸ್ಥರ ನಡತೆಯ ನಿಯಮವಾದ ಶ್ರಾವಕಾಚಾರದಲ್ಲಿದೆ.

ಅಪರಿಗ್ರಹ ಎಂದೊಡನೆ ಕನ್ನಡದವರ ಕಣ್ಣಮುಂದೆ ಬರುವವನು ಶ್ರವಣಬೆಳಗೊಳದ ಬೆಟ್ಟದ ಮೇಲೆ ಮೈಮೇಲೆ ನೂಲೆಳೆಯೂ ಇಲ್ಲದೆ ನಿಂತ ಬಾಹುಬಲಿ. ಆ ಲೆಕ್ಕಕ್ಕೆ ಪಿಕಪ್ ಹಾಗಿರಲಿ, ಕಾಲಿನ ಚಪ್ಪಲಿಯೂ ಹೆಚ್ಚೇ. ಆದರೆ ಅದು ಮುನಿಗಳ ಮಹಾವ್ರತ. ಮನೆ ಮಠ ಮಕ್ಕಳು ಇರುವವರಿಗೆ ಹೇಳಿದ್ದು ಅಣುವ್ರತ, ಅದರಲ್ಲಿ ಐದನೆಯದು ಪರಿಗ್ರಹ ಪರಿಮಾಣ: ಇಷ್ಟು ಹೊಲ, ಇಷ್ಟು ಮನೆ, ಇಷ್ಟು ದವಸ ಎಂದು ಮೊದಲೇ ಮಿತಿ ಹಾಕಿಕೊಂಡು ಅದರಾಚೆಯದಕ್ಕೆ ಕೈ ಚಾಚದಿರುವುದು. ಹಳಗನ್ನಡದ ಜೈನ ಕವಿಗಳು ಭಕ್ತಿಯಿಂದ ನೆನೆಯುವ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ವ್ರತಕ್ಕೆ ತಗಲುವ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಮೊದಲನೆಯದು ಅತಿವಾಹನ, ಕೊನೆಯದು ಅತಿಭಾರವಹನ; ನಡುವೆ ಅತಿಯಾಗಿ ಕೂಡಿಡುವುದು, ಪರರ ಸಿರಿ ಕಂಡು ಬೆರಗಾಗುವುದು, ಲೋಭ. ಇದು ಎತ್ತಿನ ಕಾಲದ ಪಟ್ಟಿ. ಲಾಭದ ಆಸೆಗೆ ಎತ್ತುಗಳನ್ನು ಶಕ್ತಿ ಮೀರಿ ಓಡಿಸುವುದು ಒಂದು ದೋಷ, ತಾಳಲಾರದಷ್ಟು ಹೇರುವುದು ಇನ್ನೊಂದು. ಗಮನಿಸಬೇಕಾದ್ದು, ಅತಿಭಾರ ಹೇರುವುದು ‘ತತ್ತ್ವಾರ್ಥಸೂತ್ರ’ದಲ್ಲಿ ಅಹಿಂಸೆಯ ಅಣುವ್ರತದ ಅತಿಚಾರಗಳ ಸಾಲಿನಲ್ಲೂ ಬರುತ್ತದೆ. ಒಂದೇ ಕೆಲಸ ಒಮ್ಮೆ ಆಸೆಯ ಖಾತೆಗೆ, ಒಮ್ಮೆ ಹಿಂಸೆಯ ಖಾತೆಗೆ. ಬಲವಾದ ಎತ್ತನ್ನು ಸಾಕುವುದು ತಪ್ಪೆಂದು ಎಲ್ಲೂ ಹೇಳಿಲ್ಲ. ಹೊರೆಗೆ ಮಿತಿಯಿಲ್ಲದಿರುವುದು, ಮಿತಿಯಿದ್ದೂ ಮೀರುವುದು ತಪ್ಪು. ಡೀಸೆಲ್ ಪಿಕಪ್ಪಿನ ವಿಚಾರದಲ್ಲೂ ಇದೇ ಸರಿಯಾದ ಅಳತೆ ಎಂಬುದು ನನ್ನ ವಾದ.

ಜಾಹೀರಾತು ಕೂಗುವುದು ಎಳೆಯುವ ಬಲವನ್ನು. 1989ರಲ್ಲಿ ಇಂದಿನ ರ‍್ಯಾಮ್‌ನ ಪೂರ್ವಜವಾದ ಡಾಡ್ಜ್ ಪಿಕಪ್ಪಿಗೆ ಮೊದಲ ಸಲ ಕಮಿನ್ಸ್ ಡೀಸೆಲ್ ಎಂಜಿನ್ ಕೂರಿಸಿದಾಗ ಅದರ ಟಾರ್ಕ್ 400 ಪೌಂಡ್-ಅಡಿ ಇತ್ತು. ಈಗ ಮೂರೂ ಕಂಪನಿಗಳ ದೊಡ್ಡ ಡೀಸೆಲ್‌ಗಳದು 1,000ದ ಆಸುಪಾಸು, ಫೋರ್ಡಿನ ಒಂದು ಎಂಜಿನ್ನಿನದು 1,200. ಎಳೆಯುವ ತಾಕತ್ತನ್ನು ಅಳೆಯಲು ಎಸ್‌ಎಇ ಜೆ2807 ಎಂಬ ಮಾನದಂಡವೇ ಇದೆ. ಅರಿಜೋನದ ಡೇವಿಸ್ ಡ್ಯಾಮ್ ಬಳಿಯ 11.4 ಮೈಲಿಯ ಏರನ್ನು ಬಿರುಬಿಸಿಲಲ್ಲಿ, ಏಸಿ ಪೂರ್ತಿ ಹಾಕಿಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಕಠಿಣ ಪರೀಕ್ಷೆಯೇ ಸರಿ. ಆದರೆ ಗಾಡಿಯೊಳಗೆ ತಲಾ 150 ಪೌಂಡಿನ ಇಬ್ಬರು ಮಾತ್ರ ಕೂತಿದ್ದಾರೆ ಎಂಬ ಲೆಕ್ಕದಲ್ಲಿ ನಡೆಯುವ ಪರೀಕ್ಷೆ ಅದು. ಮಕ್ಕಳಿಲ್ಲ, ನಾಯಿಯಿಲ್ಲ, ಸೈಕಲ್ಲುಗಳಿಲ್ಲ, ಸೌದೆಯಿಲ್ಲ. ಸಂಸಾರದ ನಿಜವಾದ ಲೆಕ್ಕ ಇರುವುದು ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಕಾಣುವ ಹಳದಿ-ಬಿಳಿ ಚೀಟಿಯಲ್ಲಿ. ಜನ ಮತ್ತು ಸರಕು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಅದೇ ಪೇಲೋಡ್, ಗಾಡಿ ಬೆನ್ನ ಮೇಲೆ ಹೊರಬಲ್ಲ ಭಾರ.

ಆ ಚೀಟಿಯ ಎದುರು ಒಂದು ಲೆಕ್ಕ ಹಾಕಿ ನೋಡಬಹುದು. ಈ ವರ್ಗದ ಬಹಳಷ್ಟು ಪಿಕಪ್‌ಗಳಿಗೆ ತುಂಬಿದ ಗಾಡಿಯ ಒಟ್ಟು ತೂಕದ ಮಿತಿ 10,000 ಪೌಂಡ್. ನಾಲ್ಕು ಬಾಗಿಲು, ನಾಲ್ಕೂ ಚಕ್ರಕ್ಕೆ ಚಾಲನೆ, ಡೀಸೆಲ್ ಎಂಜಿನ್, ಚರ್ಮದ ಸೀಟು ಎಲ್ಲ ಸೇರಿ ಗಾಡಿಯೇ 7,800 ಪೌಂಡ್ ತೂಗಿದರೆ ಉಳಿಯುವುದು 2,200. ತುಂಬಿದ ಟ್ರೇಲರ್ 9,000 ಪೌಂಡ್ ಇದ್ದರೆ ಅದರ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಭಾರ ಎರಡನ್ನೂ ಜೋಡಿಸುವ ಹಿಚ್ಚಿನ ಮೂಲಕ ಪಿಕಪ್ಪಿನ ಮೇಲೆಯೇ ಕೂರುತ್ತದೆ, 1,150 ಎನ್ನೋಣ. ಭಾರ ಹಂಚುವ ಹಿಚ್ಚಿನದು ಇನ್ನೊಂದು 100. ನಾಲ್ವರ ಸಂಸಾರ 650. ಉಳಿದದ್ದು 300 ಪೌಂಡ್. ಜನರೇಟರ್, ಹತಾರದ ಪೆಟ್ಟಿಗೆ, ಐಸ್ ಡಬ್ಬಿ ಇಟ್ಟರೆ ಅದೂ ಮುಗಿಯಿತು. ಹಾಗೆಂದು ಎಂಜಿನ್ ಸುಸ್ತಾಗಿದೆಯೇ? ಎಳೆಯುವ ತಾಕತ್ತಿನಲ್ಲಿ ಇನ್ನೂ ಎಷ್ಟೋ ಸಾವಿರ ಪೌಂಡ್ ಬಾಕಿ ಇದೆ. ಇದರಲ್ಲೊಂದು ತಮಾಷೆಯೂ ಉಂಟು. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ನೂರಾರು ಪೌಂಡ್ ಹೆಚ್ಚು ತೂಗುತ್ತದೆ, ಒಟ್ಟು ತೂಕದ ಮಿತಿ ಅದೇ ಇದ್ದರೆ ಆ ನೂರಾರು ಪೌಂಡೂ ಪೇಲೋಡಿನಿಂದಲೇ ಕಳೆಯಬೇಕು. ಎಳೆಯುವ ಬಲಕ್ಕೆ ದುಡ್ಡು ಸುರಿದವರು ಹೊರುವ ಬಲವನ್ನು ಕೈಯಾರೆ ಕಳೆದುಕೊಂಡಿರುತ್ತಾರೆ, ಅದೂ ಮಜಬೂತಾದ ಗಾಡಿ ಕೊಂಡೆವೆಂಬ ನೆಮ್ಮದಿಯಲ್ಲಿ.

ಹೆಚ್ಚು ಬಲವಿದ್ದರೆ ಕೆಡುಕೇನು, ಅದು ಸುರಕ್ಷತೆಗೇ ಅಲ್ಲವೇ ಎಂದು ಕೇಳುವವರಿದ್ದಾರೆ. ತಳ್ಳಿಹಾಕುವ ಮಾತಲ್ಲ. ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದ ಬಳಿ 11,000 ಅಡಿ ದಾಟುತ್ತದೆ. ಅಷ್ಟೆತ್ತರದ ತೆಳುಗಾಳಿಯಲ್ಲಿ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಏದುಸಿರು ಬಿಡುತ್ತದೆ, ಟರ್ಬೊ ಇರುವ ಡೀಸೆಲ್ ಹೆಚ್ಚು ಸದ್ದಿಲ್ಲದೆ ಹತ್ತುತ್ತದೆ. ಆದರೂ ಅದರ ನಿಜವಾದ ಗುಣ ತಿಳಿಯುವುದು ಇಳಿಯುವಾಗ. ಪೆಟ್ರೋಲ್ ಗಾಡಿಯಲ್ಲಿ ಕಾಲೆತ್ತಿದರೆ ಗಾಳಿಯ ದಾರಿ ಮುಚ್ಚಿ ಎಂಜಿನ್ನೇ ಗಾಡಿಯನ್ನು ಸ್ವಲ್ಪ ಹಿಡಿಯುತ್ತದೆ. ಡೀಸೆಲ್ಲಿಗೆ ಆ ಸ್ವಭಾವವಿಲ್ಲ, ಅದನ್ನು ಬೇರೆಯಾಗಿ ಕಲಿಸಬೇಕಾಗಿದೆ. ಟರ್ಬೊದೊಳಗಿನ ಪುಟ್ಟ ರೆಕ್ಕೆಗಳು ಕಿರಿದಾಗಿ, ಹೊರಹೋಗುವ ಹೊಗೆಗೆ ಅಡ್ಡಗಟ್ಟಿ, ಎಂಜಿನ್ ತನ್ನ ಉಸಿರಿನ ವಿರುದ್ಧವೇ ತಿಣುಕುವಂತೆ ಮಾಡುತ್ತವೆ. ಇದು ಎಕ್ಸಾಸ್ಟ್ ಬ್ರೇಕ್. ಸುರಂಗದಿಂದ ಸಿಲ್ವರ್‌ಥಾರ್ನ್ ಕಡೆಗಿನ ಕಡಿದಾದ ಇಳಿಜಾರಿನಲ್ಲಿ, ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಜಲ್ಲಿಯ ಏರುದಾರಿಗಳನ್ನು ಮಾಡಿಟ್ಟಿರುವ ಜಾಗದಲ್ಲಿ, ಬ್ರೇಕ್ ಪೆಡಲ್ಲನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಮುಟ್ಟುತ್ತ 9,000 ಪೌಂಡಿನ ಮನೆಯನ್ನು ಕೆಳಗಿಳಿಸಬಹುದು. ಇಂಥ ಸಂಯಮದ ಬಲವನ್ನು ಯಾವ ಆಚಾರ್ಯರೂ ಪರಿಗ್ರಹದ ದೋಷ ಎನ್ನಲಾರರು. ಚಿಕ್ಕ ಪಿಕಪ್ಪಿಗೆ ಇದೇ ಮನೆಯನ್ನು ಕಟ್ಟಿ ‘ನಾನು ಸರಳ ಜೀವಿ’ ಎನ್ನುವವರೇ ಅತಿಭಾರವಹನದ ಪಟ್ಟಿಗೆ ಬೀಳುತ್ತಾರೆ.

ಸುರಕ್ಷತೆಯ ವಾದ ಎಡವುವುದು ಬೇರೆ ಕಡೆ. ಬಲ ಮಿಕ್ಕಿದ್ದರೆ ಅದು ಮಿಕ್ಕೇ ಉಳಿಯುತ್ತದೆ ಎಂದು ಅದು ನಂಬಿದೆ. ಮಿಕ್ಕ ಬಲ ಕಂಡೊಡನೆ ಮನಸ್ಸು ಮುಂದಿನ ಟ್ರೇಲರ್ ನೋಡಲು ಹೊರಡುತ್ತದೆ: ಇನ್ನೆರಡು ಅಡಿ ಉದ್ದ, ಪಕ್ಕಕ್ಕೆ ಚಾಚುವ ಕೋಣೆ, ಎರಡನೆಯ ಏಸಿ. ಒಂದು ಗ್ಯಾಲನ್ ನೀರೇ ಎಂಟು ಪೌಂಡಿಗೂ ಹೆಚ್ಚು ತೂಗುವಾಗ, ದಾರಿಯಲ್ಲಿ ಇರಲಿ ಎಂದು 40 ಗ್ಯಾಲನ್ ತುಂಬಿಕೊಂಡವರು 300 ಪೌಂಡ್ ದಾಟಿಯೇ ಹೊರಟಿರುತ್ತಾರೆ. ಗಾಡಿ ಮೊದಲು ಕೊಂಡು ಹೊರೆಯನ್ನು ಆಮೇಲೆ ಹುಡುಕಿದರೆ ಮಿತಿಯನ್ನು ಹಾಕುವುದು ಎಂಜಿನ್. ಹೊರೆಗೆ ಮೊದಲು ಮಿತಿ ಹಾಕಿ, ತುಂಬಿದ ಟ್ರೇಲರನ್ನು ಹೆದ್ದಾರಿ ಬದಿಯ ಲಾರಿ ತಂಗುದಾಣದ ತೂಕದ ಕಟ್ಟೆಯ ಮೇಲೆ ನಿಲ್ಲಿಸಿ, ಅದಕ್ಕೆ ತಕ್ಕ ಗಾಡಿ ಹುಡುಕಿದರೆ ಮಿತಿ ಹಾಕಿದ್ದು ಮನುಷ್ಯ. ಎರಡೂ ಮನೆಗಳ ಮುಂದೆ ಕೊನೆಗೆ ಒಂದೇ ಗಾಡಿ ನಿಂತಿರಬಹುದು. ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ, ಅಂದರೆ ಮೋಹ ಎಂದು ಜೈನ ಶಾಸ್ತ್ರ ಹಿಡಿದ ಪಟ್ಟು ನನಗೆ ಬಹಳ ಕಾಲ ಬರೀ ಸೂಕ್ಷ್ಮ ತರ್ಕವಾಗಿ ಕಂಡಿತ್ತು. ಕೊಳ್ಳುವ ಕ್ರಮ ತಿರುಗುಮುರುಗಾದಾಗ ಫಲ ಹೇಗೆ ಬದಲಾಗುತ್ತದೆಂದು ನೋಡಿದರೆ ಅದು ವ್ಯವಹಾರದ ಮಾತೇ.

ಕೊಂಡದ್ದಾಯಿತು, ಬಾಳಬೇಕಲ್ಲ. ರಜೆಯ ವಾರಗಳಲ್ಲಿ ನ್ಯಾಯವಾಗಿದ್ದ ಗಾಡಿ ಉಳಿದ ದಿನ ಮಕ್ಕಳನ್ನು ಶಾಲೆಗೆ ಬಿಡುತ್ತದೆ, ಹಾಲು ತರುತ್ತದೆ. ಹಬ್ಬದೂಟದ ಕೊಪ್ಪರಿಗೆಯಲ್ಲಿ ದಿನವೂ ಒಬ್ಬರಿಗೆ ಅನ್ನ ಮಾಡಿದ ಹಾಗೆ. ಅಮೆರಿಕದಲ್ಲಿ 2007ರ ನಿಯಮಗಳ ನಂತರ ಇಂಥ ಪಿಕಪ್‌ಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂತು, 2010ರ ಹೊತ್ತಿಗೆ ಯೂರಿಯಾ ದ್ರಾವಣ ಸಿಂಪಡಿಸಿ ಸಾರಜನಕದ ಆಕ್ಸೈಡುಗಳನ್ನು ತಗ್ಗಿಸುವ ಏರ್ಪಾಡು ಬಂತು. ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು, ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಭಾರ ಎಳೆದುಕೊಂಡು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿದರೆ ಕಾವು ಸಲೀಸಾಗಿ ಬರುತ್ತದೆ. ಊರೊಳಗಿನ ಎರಡು ಮೂರು ಮೈಲಿಗೆ ಬರುವುದಿಲ್ಲ. ಮಸಿ ಕಟ್ಟುತ್ತದೆ, ಸುಡಲು ಶುರುವಾದದ್ದು ಅರ್ಧಕ್ಕೇ ನಿಲ್ಲುತ್ತದೆ, ಕೊನೆಗೆ ಫಿಲ್ಟರ್ ಕಟ್ಟಿಕೊಂಡು ಗ್ಯಾರೇಜಿಗೆ ಹೋಗಬೇಕಾಗುತ್ತದೆ. ಹೊರೆಗೆಂದು ಹುಟ್ಟಿದ ಎಂಜಿನ್ ಹೊರೆಯಿಲ್ಲದೆ ಕಾಯಿಲೆ ಬೀಳುತ್ತದೆ. ಈ ಕಾಟ ತಪ್ಪಿಸಿಕೊಳ್ಳಲು ಕೆಲವರು ಫಿಲ್ಟರನ್ನೇ ಕಿತ್ತು ಬಿಸಾಡುತ್ತಾರೆ. ಅದು ಕಾನೂನಿಗೆ ವಿರುದ್ಧ. ಹಾಗಿದ್ದೂ ಒಂದು ದಶಕದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣವನ್ನು ಹೀಗೆ ಕಿತ್ತುಹಾಕಲಾಗಿದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜು ಮಾಡಿತು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ಶ್ರಾವಕರ ವ್ರತಗಳಲ್ಲಿ ಅನರ್ಥದಂಡ ವಿರತಿ ಎಂಬುದೊಂದಿದೆ: ಯಾವ ಪ್ರಯೋಜನವೂ ಇಲ್ಲದ ಹಿಂಸೆಯನ್ನು ಬಿಡುವುದು. ಬದುಕಿಗೆ ಬೇಕಾಗಿ ಆಗುವ ಹಿಂಸೆಯನ್ನು ಗೃಹಸ್ಥರಿಗೆ ಸ್ವಲ್ಪ ಮಟ್ಟಿಗೆ ಕ್ಷಮಿಸುವ ಶಾಸ್ತ್ರ ಇಲ್ಲಿ ಮಾತ್ರ ಕಟ್ಟುನಿಟ್ಟು. ಬೆಟ್ಟ ಹತ್ತುವಾಗಿನ ಹೊಗೆಗೂ ಹಾಲಿನಂಗಡಿಯ ಮುಂದಿನ ಹೊಗೆಗೂ ನಡುವೆ ಗೆರೆ ಎಳೆಯುವುದು ಈ ವ್ರತ. ಹಾಗಾಗಿ ಇಂಥ ಪಿಕಪ್ ಇಟ್ಟುಕೊಂಡವರು ಪೇಟೆಯ ಓಡಾಟಕ್ಕೆ ಹಳೆಯ ಸಣ್ಣ ಕಾರೊಂದನ್ನೂ ಇಟ್ಟುಕೊಂಡರೆ ಅದು ಇನ್ನೊಂದು ಪರಿಗ್ರಹವಾಗದೆ ವ್ರತಪಾಲನೆಯೇ ಆಗಬಹುದು. ಎಣಿಕೆ ಹೆಚ್ಚಾದರೂ ಕೇಡು ಕಡಿಮೆ.

ಕಬ್ಬಿಣಕ್ಕೆ ನೋವಿಲ್ಲ, ಎತ್ತಿನ ನಿಯಮವನ್ನು ಯಂತ್ರಕ್ಕೆ ಹಚ್ಚುವುದು ಸಲ್ಲದು ಎನ್ನಬಹುದು. ಕಬ್ಬಿಣಕ್ಕೆ ನೋವಿಲ್ಲ, ನಿಜ. ಎತ್ತಿಗೆ ಹೆಚ್ಚು ಹೇರಿದರೆ ಅದು ನಿಂತುಬಿಡುತ್ತಿತ್ತು, ಮಂಡಿಯೂರುತ್ತಿತ್ತು, ನೋವೇ ತಡೆಯಾಗಿತ್ತು. ಪಿಕಪ್ ನಿಲ್ಲುವುದಿಲ್ಲ. ಮಿತಿ ಮೀರಿದ ಟೈರು, ಕಾದ ಬ್ರೇಕು ಕೊನೆಯ ಗಳಿಗೆಯವರೆಗೂ ಸುಮ್ಮನಿದ್ದು, ಏಟನ್ನು ಎದುರಿನಿಂದ ಬರುವವರಿಗೆ ದಾಟಿಸುತ್ತವೆ. ಯಂತ್ರ ದೂರು ಹೇಳದ ಕಾರಣಕ್ಕೇ ನಿಯಮ ಇನ್ನೂ ಬಿಗಿಯಾಗಬೇಕು.

ಇನ್ನೊಂದು ಕಡೆಯಿಂದಲೂ ಆಕ್ಷೇಪವಿದೆ, ಅದಕ್ಕೆ ನನ್ನ ಸಹಾನುಭೂತಿ ಕಡಿಮೆ. ಊರಿನ ದೊಡ್ಡ ಮನೆ ಮಾರಿ ವರ್ಷವಿಡೀ ಟ್ರೇಲರಿನಲ್ಲೇ ಬಾಳುವವರು ಅಲ್ಲಿ ಅನೇಕರಿದ್ದಾರೆ. ನಾವು ಬಿಟ್ಟಿದ್ದೆಷ್ಟು ನೋಡಿ, ಈ ಲಾರಿಯಂಥ ಗಾಡಿಯೇ ನಮ್ಮ ಅಪರಿಗ್ರಹದ ಸಾಧನ ಎನ್ನುವುದು ಅವರ ಮಾತು. ಬಿಟ್ಟದ್ದು ನಿಜವಿರಬಹುದು. ಬಿಡಲಾಗದ್ದನ್ನೆಲ್ಲ ಹಿಂದೆ ಕಟ್ಟಿಕೊಂಡು ಹೊರಟು ಅದಕ್ಕೆ ತ್ಯಾಗದ ಹೆಸರಿಟ್ಟರೆ ಮಾತ್ರ ಒಪ್ಪಲಾಗದು. ಅಣುವ್ರತವನ್ನು ಅಣುವ್ರತವೆಂದೇ ಕರೆದರೆ ಅದರ ಘನತೆಗೆ ಕುಂದಿಲ್ಲ. ವರ್ಷಕ್ಕೆ ಎರಡೇ ವಾರ ಹೊರಡುವವರು ಬಾಡಿಗೆಗೆ ಏಕೆ ತರಬಾರದು ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಸಾಮಾನ್ಯ ಬಾಡಿಗೆ ಕಾರುಗಳ ಕರಾರು ಟ್ರೇಲರ್ ಎಳೆಯಲು ಬಿಡುವುದು ಅಪರೂಪ. ಆದರೂ ಎಳೆಯಲು ಅನುಮತಿಯಿರುವ ಗಾಡಿ ಸಿಗುವ ಊರಿನಲ್ಲಿ ಸ್ವಂತದ್ದು ಕೊಳ್ಳಲು ನ್ಯಾಯವಾದ ಕಾರಣ ನನಗೆ ತೋಚುತ್ತಿಲ್ಲ.

ತೂಕದ ವ್ರತ ಇಷ್ಟರಮಟ್ಟಿಗೆ ಒಗ್ಗುತ್ತದೆ. ಒಗ್ಗದಿರುವುದು ದಿಗ್ವ್ರತ. ಹತ್ತು ದಿಕ್ಕಿಗೂ ಗಡಿ ಗೊತ್ತುಮಾಡಿ ಬದುಕಿರುವವರೆಗೆ ಅದರಾಚೆ ಹೋಗುವುದಿಲ್ಲ ಎಂದು ಶ್ರಾವಕರು ತೊಡುವ ವ್ರತವದು. ಗಡಿಯಾಚೆಯ ಜೀವಗಳಿಗಾದರೂ ತನ್ನಿಂದ ತೊಂದರೆ ತಪ್ಪಲಿ ಎಂಬುದು ಅದರ ಆಶಯ. ಟ್ರೇಲರಿನ ಕನಸು ಇದಕ್ಕೆ ನೇರ ಎದುರು. ಏರ್‌ಸ್ಟ್ರೀಮ್ ಕಂಪನಿ ಕಟ್ಟಿದ ವಾಲಿ ಬಯಮ್ 1959ರಲ್ಲಿ ಕೇಪ್‌ಟೌನ್‌ನಿಂದ ಕೈರೊ ಕಡೆಗೆ ಟ್ರೇಲರ್‌ಗಳ ಸಾಲನ್ನೇ ಹೊರಡಿಸಿದ್ದು ಗಡಿಯಿಲ್ಲ ಎಂದು ತೋರಿಸುವುದಕ್ಕೇ. ಈ ಎರಡನ್ನೂ ರಾಜಿ ಮಾಡಿಸಲು ನನ್ನಿಂದಾಗದು. ದಿಗ್ವ್ರತ ತೊಟ್ಟವರು ಟ್ರೇಲರಿನ ಆಸೆ ಬಿಡಬೇಕು, ಟ್ರೇಲರ್ ಬೇಕೆಂದವರು ದಿಗ್ವ್ರತದ ಪುಣ್ಯದ ಆಸೆ ಬಿಡಬೇಕು. ನಡುವೆ ದೇಶವ್ರತವಿದೆ, ಸ್ವಲ್ಪ ಕಾಲಕ್ಕೆ ಮಾತ್ರ ಹಾಕಿಕೊಳ್ಳುವ ಗಡಿ: ಈ ವರ್ಷ ಈ ಎರಡು ರಾಜ್ಯ, ಇಷ್ಟು ಮೈಲಿ. ಹೇಗೂ ದಾರಿಗಳು ತಮ್ಮ ಗಡಿಯನ್ನು ಹಾಕಿಯೇ ಇವೆ. ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಗೋಯಿಂಗ್-ಟು-ದ-ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ. ನಾಲ್ಕು ಬಾಗಿಲಿನ, ಉದ್ದ ತೊಟ್ಟಿಯ ಡೀಸೆಲ್ ಪಿಕಪ್ ಟ್ರೇಲರನ್ನು ಕ್ಯಾಂಪಿನಲ್ಲೇ ಬಿಚ್ಚಿಟ್ಟು ಬಂದರೂ ಆ ಅಳತೆ ಮೀರುತ್ತದೆ, ಅದರ ಯಜಮಾನರು ಉದ್ಯಾನದ ಬಸ್ಸು ಹತ್ತಬೇಕು.