ಹೊರೆಗೂ ಒಡಲಿಗೂ ನಡುವಿನ ಹಲಗೆ

ಗೂಡ್ಸ್ ವ್ಯಾನಿನೊಳಗೆ ಹಲಗೆ ಹಾಕಿಸಿಕೊಂಡು ಮಲಗುವ ಡ್ರೈವರಣ್ಣನನ್ನು ನೋಡಿ ‘ಎಷ್ಟು ಚೆನ್ನಾಗಿ ಹೊಂದಿಸಿಕೊಂಡಿದ್ದಾನೆ’ ಎಂದು ಮೆಚ್ಚುವವರಿದ್ದಾರೆ. ಹೊಂದಿಸಿಕೊಳ್ಳುವುದನ್ನು ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಊರಾಚೆಯ ಒಂದಂಕಣದ ಗುಡಿಸಲಲ್ಲಿ ಮನೆಮಂದಿಯೆಲ್ಲ ಕಾಲು ಮಡಚಿ ಮಲಗಿದವರು ನಾವು. ಗೆಳೆಯರೇ, ನಾವು ಕೇಳಬೇಕಾದ್ದು ಬೇರೆ: ಆ ಹಲಗೆ ಮನುಷ್ಯನ ನಿದ್ದೆಗೋ, ಮಾಲಿನ ಕಾವಲಿಗೋ?

ಲೆಕ್ಕ ಹಾಕೋಣ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಾಲ ಮಾಡಿ ಸ್ವಂತ ಗಾಡಿ ಇಟ್ಟ ಹುಡುಗರು ಹಳ್ಳಿಗಳಲ್ಲೂ ಇದ್ದಾರೆ. ಅದರ ಹಿಂಭಾಗ ಸುಮಾರು 7 ಅಡಿ ಉದ್ದ, 5 ಅಡಿ ಅಗಲ. ಮುಚ್ಚಿದ ಬಾಡಿ ಕಟ್ಟಿಸಿ, 6 ಅಡಿ ಉದ್ದ 2 ಅಡಿ ಅಗಲದ ಹಲಗೆ ಕೂರಿಸಿದರೆ ಮೂರರಲ್ಲಿ ಒಂದು ಪಾಲು ಜಾಗ ಹೋಯಿತು. ಅಷ್ಟು ಕ್ರೇಟು ಟೊಮೆಟೊ ಕಡಿಮೆ, ಅಷ್ಟು ಬಾಡಿಗೆ ಕಡಿಮೆ. ಬ್ಯಾಂಕಿನ ಕಂತು ಮಾತ್ರ ಕಡಿಮೆಯಾಗೋದಿಲ್ಲ. ಅದಕ್ಕೇ ಮಡಚುವ ಹಲಗೆ: ಲೋಡ್ ಇದ್ದಾಗ ಮಡಚು, ಇಳಿದ ಮೇಲೆ ಬಿಚ್ಚು. ಮಾಲಿದ್ದ ರಾತ್ರಿ ಸೀಟಿನ ಮೇಲೆ ಮುದುರಿಕೊಳ್ಳಬೇಕು. ಲಾಡ್ಜಿಗೆ ಹೋದ್ರೆ ಡೀಸೆಲ್ ಕದೀತಾರೆ. ಮಾಲು ಹೋದ್ರೆ ‘ನೀನೇ ಜವಾಬ್ದಾರಿ ಕಣಪ್ಪ’ ಅಂತಾರೆ ಮಂಡಿ ಸಾಹುಕಾರ್ರು.

ಜೀತದಾಳು ದಣಿಯ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ. ಅವನ ನಿದ್ದೆಯೂ ದನಗಳ ಕಾವಲಾಗಿತ್ತು. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಕಾವಲಿನ ನಿದ್ದೆಯನ್ನು ಯಾವ ಕಾಯ್ದೆ ರದ್ದು ಮಾಡಿದೆ?

ಜೀವದ ಮಾತೂ ಇದೆ. ಹಲಗೆಯನ್ನು ಹಗ್ಗದಿಂದ ಕಟ್ಟದೆ ಬೋಲ್ಟು ಹಾಕಿಸಬೇಕು. ಬ್ರೇಕು ಹಾಕಿದಾಗ ಹೊರೆ ಮುಂದಕ್ಕೆ ನುಗ್ಗದಂತೆ ಗಟ್ಟಿ ಅಡ್ಡತಡೆ ಬೇಕು. ಗಾಳಿಗೆ ಕಿಂಡಿ ಬೇಕು. ಮುಚ್ಚಿದ ಬಾಡಿಯೊಳಗೆ ಸ್ಟವ್ ಹೊತ್ತಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ವಾಸನೆಯಿಲ್ಲದ ಆ ವಿಷ ಮಲಗಿದವನನ್ನು ಎಬ್ಬಿಸದೇ ಕೊಲ್ಲುತ್ತದೆ. ಕೀಟನಾಶಕ ಹೇರಿದ ರಾತ್ರಿ ಒಳಗೆ ಮಲಗಲೇಬಾರದು. ಇದು ಗೊತ್ತಿದ್ದವನೂ ಮಲಗುತ್ತಾನೆ, ಬೇರೆ ಜಾಗವಿಲ್ಲ. ಸತ್ತರೆ ‘ಅಜಾಗರೂಕತೆ’ ಎನ್ನುತ್ತಾರೆ. ಬಾಡಿಗೆ ದರ ಕಟ್ಟಿದವನ ಜಾಗರೂಕತೆಯನ್ನು ಯಾರು ಕೇಳುತ್ತಾರೆ?

ಕಾನೂನು ಇಲ್ಲವೆಂದಲ್ಲ. ಗಾಡಿಯ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸದಂತೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಬೇಕೆಂದು 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಒಳ್ಳೆಯದೇ. ಆದರೆ ಅದು ಒಟ್ಟು ತೂಕ ಮೂರೂವರೆ ಟನ್ ಮೀರಿದ ಗಾಡಿಗಳಿಗೆ. ಚಿಕ್ಕ ಗಾಡಿಯವನ ಬೆವರು ಲೆಕ್ಕದಾಚೆ. ದಿನಕ್ಕೆ 8 ಗಂಟೆ ದುಡಿಮೆ ಎಂದಿದ್ದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಐದು ಜನ ಕೆಲಸಗಾರರಿರುವ ಕಡೆಯಿಂದ ಶುರುವಾಗುತ್ತಿತ್ತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಸಂಹಿತೆ ಬಂತು. ತಾನೇ ದಣಿ ತಾನೇ ಆಳು ಆದವನ ನಿದ್ದೆಯನ್ನು ಅಂದೂ ಎಣಿಸಲಿಲ್ಲ.

‘ಗಾಡಿ ಅವನದೇ, ನಿದ್ದೆಗೆಡೋದೂ ಅವನಿಷ್ಟ’ ಎನ್ನುವ ಜಾಣರಿದ್ದಾರೆ. ಕಂತು ಅವನದು, ದರ ಮಂಡಿಯವನದು. ಇದರಲ್ಲಿ ಇಷ್ಟ ಎಲ್ಲಿ ಬಂತು? ನಿದ್ದೆಗೆಟ್ಟ ಕಣ್ಣು ರಸ್ತೆಯಲ್ಲಿ ನಡೆಯುವ ಮಕ್ಕಳ ಮೇಲೂ ಗಾಡಿ ಹತ್ತಿಸೀತು. ಅದೂ ಅವನೊಬ್ಬನ ಇಷ್ಟವೇ?

ಮಲಗುವ ಜಾಗದ ಪ್ರಶ್ನೆ ನಮಗೆ ಹೊಸದಲ್ಲ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಓದಿ ಬಂದ ಬಾಬಾಸಾಹೇಬರು 1917ರಲ್ಲಿ ಬರೋಡಾದ ಪಾರ್ಸಿ ವಸತಿಗೃಹದಲ್ಲಿ ಹೆಸರು ಮರೆಸಿ ತಂಗಬೇಕಾಯಿತು. ಜಾತಿ ತಿಳಿದಾಗ ದೊಣ್ಣೆ ಹಿಡಿದವರು ಬಂದು ಹೊರಗಟ್ಟಿದರು. ದೊಡ್ಡ ಓದೂ ಅವರಿಗೆ ಒಂದು ಹಾಸಿಗೆ ಕೊಡಿಸಲಿಲ್ಲ.

ಆದ್ದರಿಂದ ನಾವು ಹೇಳುವುದಿಷ್ಟು. ನಿದ್ದೆ ಸಾಹುಕಾರನ ದಾನವಲ್ಲ, ಜಾಣ ಡ್ರೈವರನ ಕೈಚಳಕವೂ ಅಲ್ಲ. ಅದು ಕೂಲಿಯ ಭಾಗ. ಡೀಸೆಲ್, ಟೋಲ್ ಬರೆಯುವ ಚೀಟಿಯಲ್ಲೇ ರಾತ್ರಿಯ ವಿಶ್ರಾಂತಿಯ ಹಣವೂ ಬರೆಯಲ್ಪಡಲಿ. ಪ್ರತಿ ಮಾರುಕಟ್ಟೆ ಅಂಗಳದಲ್ಲಿ ಕುಲ ಕೇಳದ ಮಲಗುವ ಕೋಣೆ ಬೇಕು, ಮಾಲಿಗೆ ಸಂಬಳದ ಕಾವಲುಗಾರ ಬೇಕು. ಮೇಷ್ಟ್ರುಗಳು, ಹುಡುಗರು ತಮ್ಮ ತಾಲ್ಲೂಕಿನ ಮಂಡಿಗೆ ಹೋಗಿ ಇದನ್ನು ಕೇಳಲಿ. ಮಾಲಿಗೆ ಗೋದಾಮು ಕಟ್ಟಬಲ್ಲ ದೇಶ, ಅದನ್ನು ಹೊತ್ತು ತಂದವನಿಗೆ ಚಾಪೆ ಹಾಸಲಾರದೇ?