ನಿರಪರಾಧಿಯ ಸಾವು ಮತ್ತು ಕರ್ಮದ ನ್ಯಾಯ: ‘ವಿಷಾದ ಸಾರಂಗಧರ’ ಎತ್ತಿದ ಪ್ರಶ್ನೆ

ತಪ್ಪೇ ಮಾಡದವನು ಶಿಕ್ಷೆಗೆ ಗುರಿಯಾಗಿ ಸತ್ತರೆ ಧರ್ಮಕ್ಕೆ ಸೋಲಾಯಿತೆ? ತೆಲುಗಿನ ಮೊದಲ ದುರಂತ ನಾಟಕವೆಂದು ಹೆಸರಾದ ‘ವಿಷಾದ ಸಾರಂಗಧರ’ ಈ ಪ್ರಶ್ನೆಯನ್ನು ಜನಪ್ರಿಯ ರಂಗದ ಮೇಲೆ ತಂದಿತು. ಅದರ ಕರ್ತೃ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912). ಹಿಂದೂಪುರದ ಉತ್ತರಕ್ಕೆ, ಕಲ್ಯಾಣದುರ್ಗದ ಪೂರ್ವಕ್ಕೆ ಇರುವ ಧರ್ಮವರಂ ಅವರ ಊರು. ತೆಲುಗು, ಕನ್ನಡಗಳೆರಡೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆ 1882ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಆಚಾರ್ಯರು ಬಳ್ಳಾರಿಯಲ್ಲಿ ವಕೀಲರಾಗಿ ನೆಲೆಸಿ, ‘ಸರಸ ವಿನೋದಿನಿ ಸಭಾ’ ಕಟ್ಟಿ, ಪದ್ಯ, ಹಾಡು, ಗದ್ಯಗಳು ಬೆರೆತ ನಾಟಕಗಳಿಂದ ‘ಆಂಧ್ರ ನಾಟಕ ಪಿತಾಮಹ’ ಎನಿಸಿಕೊಂಡರು. ಖ್ಯಾತ ನಟ ಬಳ್ಳಾರಿ ರಾಘವ ಅವರ ಸೋದರಳಿಯ.

ಸಾರಂಗಧರನ ಕಥೆ ಹಳೆಯದು. ರಾಜಮಹೇಂದ್ರವರದ ರಾಜರಾಜನರೇಂದ್ರನ ಮಗ ತನ್ನ ಪಾರಿವಾಳವನ್ನು ಹುಡುಕುತ್ತ ಮಲತಾಯಿ ಚಿತ್ರಾಂಗಿಯ ಅರಮನೆಗೆ ಹೋಗುತ್ತಾನೆ. ಅವಳ ಮೋಹವನ್ನು ನಿರಾಕರಿಸುತ್ತಾನೆ. ಅವಳು ಹೊರಿಸಿದ ಸುಳ್ಳು ಆರೋಪವನ್ನು ನಂಬಿ ರಾಜನು ಮಗನ ಕೈಕಾಲು ಕಡಿಸುತ್ತಾನೆ. ಪರಂಪರೆಯ ಕಾವ್ಯಗಳಲ್ಲಿ ಸಿದ್ಧನೊಬ್ಬನ ಕೃಪೆಯಿಂದ ಅವನ ಅಂಗಾಂಗಗಳು ಮರಳುತ್ತವೆ. ಕನ್ನಡ ನಾಡಿನ ಕುಮಾರರಾಮನ ಕಥೆಯ ಹೆಣಿಗೆಯೂ ಇಂಥದ್ದೇ. ಅಲ್ಲಿ ಮಲತಾಯಿ ರತ್ನಾಜಿಯ ಆರೋಪಕ್ಕೆ ಸಿಲುಕಿದ ಕುಮಾರನನ್ನು ಮಂತ್ರಿ ಬೈಚಪ್ಪ ಬಚ್ಚಿಟ್ಟು ಉಳಿಸುತ್ತಾನೆ. ಎರಡು ಕಡೆಯೂ ನಿರಪರಾಧಿಗೆ ರಕ್ಷಣೆ ಸಿಗುತ್ತದೆ. ಆಚಾರ್ಯರು ಆ ರಕ್ಷಣೆಯನ್ನು ತೆಗೆದುಹಾಕಿ ಕಥೆಯನ್ನು ಸಾವಿನಲ್ಲಿ ಮುಗಿಸಿದರು.

ಇದು ಸಂಸ್ಕೃತ ನಾಟಕದ ರೂಢಿಗೆ ವಿರುದ್ಧವಾದ ನಡೆ. ವಾಲ್ಮೀಕಿಯ ಸೀತೆ ಭೂಮಿಯೊಳಗೆ ಸೇರಿದರೆ, ಭವಭೂತಿಯ ‘ಉತ್ತರರಾಮಚರಿತ’ ಅವಳನ್ನು ರಾಮನೊಂದಿಗೆ ಮತ್ತೆ ಕೂಡಿಸುತ್ತದೆ. ಆಚಾರ್ಯರು ಹಿಡಿದದ್ದು ಇದಕ್ಕೆ ಎದುರು ದಾರಿ. ದುರ್ಯೋಧನನ ಸಾವನ್ನು ರಂಗದ ಮೇಲೆ ತಂದ ‘ಊರುಭಂಗ’ದ ಮೇಲ್ಪಂಕ್ತಿ ಅವರಿಗೆ ಸಿಕ್ಕಿರಲಾರದು, ಭಾಸನ ನಾಟಕಗಳು ವಿದ್ವಾಂಸ ಗಣಪತಿ ಶಾಸ್ತ್ರಿಗಳಿಗೆ ದೊರೆತದ್ದು ‘ವಿಷಾದ ಸಾರಂಗಧರ’ ಬಂದ ಮೇಲೆ, 20ನೇ ಶತಮಾನದ ಮೊದಲ ದಶಕದ ಕೊನೆಗೆ. ಗ್ರೀಕ್ ಸೂತ್ರವೂ ಈ ಕಥೆಗೆ ಪೂರ್ತಿ ಹೊಂದುವುದಿಲ್ಲ. ಪೂರ್ಣ ಸಜ್ಜನನ ಪತನದಿಂದ ಕರುಣೆ, ಭಯಗಳು ಹುಟ್ಟವು, ಬರಿಯ ಜುಗುಪ್ಸೆ ಹುಟ್ಟುತ್ತದೆ ಎಂಬುದು ಅರಿಸ್ಟಾಟಲನ ಮತ. ಸಾರಂಗಧರನಲ್ಲಾದರೋ ದೋಷವೇ ಇಲ್ಲ.

ಕರ್ಮಸಿದ್ಧಾಂತದ ಉತ್ತರ ಎಲ್ಲರಿಗೂ ಗೊತ್ತಿರುವುದೇ: ಈ ಜನ್ಮದಲ್ಲಿ ಕಾರಣ ಕಾಣದ ದುಃಖಕ್ಕೆ ಹಿಂದಿನ ಜನ್ಮದ ಕರ್ಮ ಕಾರಣ. ಲೋಕದ ಲೆಕ್ಕ ತಪ್ಪಿಲ್ಲವೆಂಬ ನೆಮ್ಮದಿಯನ್ನು ಅದು ಕೊಡುತ್ತದೆ. ಆದರೆ ಅದೇ ಉತ್ತರವನ್ನು ನೊಂದವನ ಎದುರು ನಿಂತು ಹೇಳಿದರೆ ಅನ್ಯಾಯ ಮಾಡಿದವನಿಗೆ ಅದು ನೆಪವಾಗುತ್ತದೆ. ಸಾರಂಗಧರನ ಪೂರ್ವಕರ್ಮ ಏನೇ ಇರಲಿ, ವಿಚಾರಿಸದೆ ಶಿಕ್ಷೆ ವಿಧಿಸಿದ ರಾಜನ ಹೊಣೆ ಅದರಿಂದ ಕಡಿಮೆಯಾಗುವುದಿಲ್ಲ. ಹಿಂದೂಪುರದ ಸಮೀಪದ ಲೇಪಾಕ್ಷಿಯ ಐತಿಹ್ಯವೂ ಇದನ್ನೇ ಸೂಚಿಸುತ್ತದೆ. ಬೊಕ್ಕಸದ ಹಣವನ್ನು ಗುಡಿಗೆ ಸುರಿದನೆಂಬ ಆಪಾದನೆ ಹೊತ್ತ ವಿರೂಪಣ್ಣ ತನ್ನ ಕಣ್ಣನ್ನು ತಾನೇ ಕಿತ್ತು ಗೋಡೆಗೆ ಎಸೆದನೆನ್ನುತ್ತಾರೆ. ಅಲ್ಲಿನ ಜನ ಇಂದಿಗೂ ತೋರಿಸುವುದು ಗೋಡೆಯ ಕೆಂಪು ಕಲೆಗಳನ್ನು. ಅವನ ಹಿಂದಿನ ಜನ್ಮದ ಮಾತನ್ನು ಯಾರೂ ಎತ್ತುವುದಿಲ್ಲ.

ಹಾಗಾದರೆ ದುರಂತವು ಧರ್ಮವನ್ನು ಅಲ್ಲಗಳೆಯುತ್ತದೆಯೆ? ಆನಂದವರ್ಧನನು ಮಹಾಭಾರತದಲ್ಲಿ ಶಾಂತರಸ ಕಂಡದ್ದು ಯಾದವರ, ಪಾಂಡವರ ವಿಷಾದದ ಅಂತ್ಯದ ಮೂಲಕವೇ. ಸಿದ್ಧನ ಪವಾಡದಿಂದ ಅಂಗಗಳು ಮರಳಿದರೆ ಶೀಲಕ್ಕೆ ಫಲವುಂಟೆಂದು ಪ್ರೇಕ್ಷಕನು ಕಲಿಯುತ್ತಾನೆ. ಫಲದ ಭರವಸೆ ಇರುವಷ್ಟು ಹೊತ್ತು ಶೀಲವೂ ಒಂದು ವ್ಯವಹಾರವಾಗಿ ಕಾಣುವ ಅಪಾಯವಿದೆ. ಅಂಗಗಳು ಮರಳದಿದ್ದಾಗ ಮಾತ್ರ ಸಾರಂಗಧರನ ನಿರಾಕರಣೆ ಫಲಾಪೇಕ್ಷೆಯಿಲ್ಲದ ಕರ್ಮವಾಗಿ ನಿಲ್ಲುತ್ತದೆ. ಗೀತೆ ಬೋಧಿಸುವ ನಿಷ್ಕಾಮಕ್ಕೆ ಸುಖಾಂತಕ್ಕಿಂತ ಈ ಸಾವೇ ಹತ್ತಿರವಾದುದು.

ಇಲ್ಲಿ ಪ್ರೇಕ್ಷಕನಿಗೂ ಒಂದು ಪಾತ್ರವಿದೆ. ರಾಜನಿಗೆ ತಿಳಿಯದ ಸತ್ಯ ಅವನಿಗೆ ಮೊದಲಿನಿಂದಲೂ ಗೊತ್ತು. ಕಥೆಯೊಳಗೆ ಸಿಗದ ತೀರ್ಪನ್ನು ಅವನ ಕಣ್ಣೀರು ಕೊಡುತ್ತದೆ. ಪೂರ್ವಕರ್ಮದ ಲೆಕ್ಕ ದೇವರಿಗೆ ಬಿಟ್ಟದ್ದು; ಆಪಾದನೆಯನ್ನು ವಿಚಾರಿಸದೆ ನಂಬಬಾರದೆಂಬ ಹೊಣೆ ಮನುಷ್ಯನದು. ಈ ಹೊಣೆಯನ್ನು ಸಿದ್ಧನಿಗೆ ವಹಿಸದೆ ಸಭಿಕರಿಗೇ ವಹಿಸಿದ್ದು ‘ವಿಷಾದ ಸಾರಂಗಧರ’ದ ಹೆಚ್ಚುಗಾರಿಕೆ.