ಐದು ಡಾಲರಿನ ಪರವಾನಗಿ

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಒಮಾಹಾ ನಗರದ ಪಕ್ಕಕ್ಕೆ ಫ್ರೀಮಾಂಟ್ ಎಂಬ ಊರಿದೆ. ಜನಸಂಖ್ಯೆ ಸುಮಾರು 27 ಸಾವಿರ. ಸುತ್ತಲೂ ಮೆಕ್ಕೆಜೋಳ, ಸೋಯಾ ಅವರೆಯ ಹೊಲಗಳು. ಇಲ್ಲಿನ ನಗರಸಭೆಯ ನಿಯಮದ ಪ್ರಕಾರ ಬಾಡಿಗೆ ಮನೆಗೆ ಹೋಗುವ ಪ್ರತಿ ವಯಸ್ಕನೂ ಐದು ಡಾಲರ್ ಕಟ್ಟಿ ಪೊಲೀಸ್ ಇಲಾಖೆಯಿಂದ ವಾಸದ ಪರವಾನಗಿ ಪಡೆಯಬೇಕು. ಮನೆ ಬದಲಿಸಿದರೆ ಮತ್ತೆ ಐದು ಡಾಲರ್, ಮತ್ತೆ ಅರ್ಜಿ. ನೀವು ಈ ದೇಶದ ಪ್ರಜೆಯೇ, ಅಲ್ಲದಿದ್ದರೆ ನಿಮ್ಮ ವಲಸೆ ದಾಖಲೆಯ ಸಂಖ್ಯೆ ಏನು ಎಂದು ಅರ್ಜಿ ಕೇಳುತ್ತದೆ. ಸ್ವಂತ ಮನೆ ಕೊಳ್ಳುವವನಿಗೆ ಮಾತ್ರ ಈ ಪ್ರಶ್ನೆಗಳಿಲ್ಲ.

ಅಕ್ರಮ ವಲಸಿಗರು ಊರಲ್ಲಿ ನೆಲೆಯೂರದಂತೆ ತಡೆಯುವುದು ಈ ನಿಯಮದ ಉದ್ದೇಶ. 2008ರಲ್ಲಿ ಇದು ಮೊದಲು ನಗರಸಭೆಯ ಮುಂದೆ ಬಂದಾಗ ಸದಸ್ಯರ ಮತಗಳು ಸಮನಾಗಿ ಒಡೆದವು. ಮೇಯರ್ ವಿರುದ್ಧ ಮತ ಹಾಕಿ ಬೀಳಿಸಿದರು. ಊರಿನವರು ಅಲ್ಲಿಗೇ ಬಿಡಲಿಲ್ಲ. ಸಹಿ ಸಂಗ್ರಹಿಸಿದರು, ನ್ಯಾಯಾಲಯದಲ್ಲಿ ಗೆದ್ದರು, 2010ರ ಜೂನ್‌ನಲ್ಲಿ ನೇರ ಮತದಾನಕ್ಕೆ ತಂದರು. ನೂರಕ್ಕೆ 57 ಮತ ನಿಯಮದ ಪರ ಬಿತ್ತು. 2014ರಲ್ಲಿ ಬಾಡಿಗೆಯ ಕಲಮುಗಳನ್ನು ಕೈಬಿಡೋಣವೇ ಎಂದು ಮತ್ತೆ ಕೇಳಿದಾಗ, ಬೇಡ ಎಂದವರ ಪಾಲು ಇನ್ನೂ ಹೆಚ್ಚಾಯಿತು. ಪೆನ್ಸಿಲ್ವೇನಿಯಾದ ಹೇಝಲ್‌ಟನ್ ಎಂಬ ಹಳೆಯ ಕಲ್ಲಿದ್ದಲ ಊರು 2006ರಲ್ಲೇ ಇಂಥದೊಂದು ನಿಯಮ ಮಾಡಿತ್ತು. ವಲಸೆ ಕೇಂದ್ರ ಸರ್ಕಾರದ ಕೆಲಸ, ನಿಮ್ಮದಲ್ಲ ಎಂದು ನ್ಯಾಯಾಲಯಗಳು ಅದನ್ನು ಹೊಡೆದುಹಾಕಿದವು. ಫ್ರೀಮಾಂಟ್‌ನ ನಿಯಮವನ್ನು ಬೇರೊಂದು ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್ ಎರಡನ್ನೂ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ತೀರ್ಪುಗಳೂ ನಿಂತುಬಿಟ್ಟವು.

ಹಾಗಾಗಿ ಪ್ರಶ್ನೆ ನ್ಯಾಯಾಲಯದಿಂದ ನಮ್ಮ ಅಂಗಳಕ್ಕೇ ಬರುತ್ತದೆ. ತನ್ನ ನಡುವೆ ಯಾರು ಬಾಳಬೇಕು ಎಂದು ತೀರ್ಮಾನಿಸುವ ಹಕ್ಕು ಒಂದು ಊರಿಗೆ ಇದೆಯೇ?

ಆ ಹಕ್ಕು ಕೇಳುವವರನ್ನು ಜನಾಂಗದ್ವೇಷಿಗಳೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ದ್ವೇಷ ಇರಲಿಲ್ಲವೆಂದಲ್ಲ, ಇತ್ತು. ಆದರೆ ಶಾಲೆಯ ತರಗತಿಗಳು ಬದಲಾಗುವುದನ್ನು, ಬಾಡಿಗೆ ಮನೆಗಳು ಕಿಕ್ಕಿರಿಯುವುದನ್ನು ನೋಡುತ್ತಿರುವವರಿಗೆ ಇದರಲ್ಲಿ ತಮ್ಮನ್ನು ಯಾರೂ ಒಂದು ಮಾತೂ ಕೇಳಲಿಲ್ಲವೆಂಬ ಸಿಟ್ಟಿರುತ್ತದೆ. ಆ ಸಿಟ್ಟು ಸುಳ್ಳಲ್ಲ. ತತ್ವಜ್ಞಾನಿ ಮೈಕೆಲ್ ವಾಲ್ಜರ್ 1983ರ ತಮ್ಮ ಗ್ರಂಥದಲ್ಲಿ, ಒಂದು ರಾಜಕೀಯ ಸಮುದಾಯಕ್ಕೆ ತನ್ನ ಸದಸ್ಯರನ್ನು ಆರಿಸಿಕೊಳ್ಳುವ ಹಕ್ಕು ಇರಲೇಬೇಕು ಎಂದು ವಾದಿಸಿದರು. ಆದರೆ ಅದೇ ಗ್ರಂಥದಲ್ಲಿ ಎರಡು ಷರತ್ತುಗಳೂ ಇವೆ. ದೇಶದ ಬಾಗಿಲಿಗೆ ಚಿಲಕ ಇರುವುದೇ ಒಳಗಿನ ಕೇರಿಗಳು ತೆರೆದಿರಲಿ ಎಂದು. ಕೇರಿಕೇರಿಯೂ ಕೋಟೆ ಕಟ್ಟಿಕೊಳ್ಳುವಂತಾಗಬಾರದು. ಎರಡನೆಯದು ಇನ್ನೂ ಕಟು: ಯಾರನ್ನು ದುಡಿಮೆಗೆ ಒಳಗೆ ಬಿಟ್ಟುಕೊಂಡಿರೋ ಅವರಿಗೆ ಸದಸ್ಯತ್ವದ ದಾರಿಯನ್ನೂ ತೆರೆಯಬೇಕು, ದುಡಿಸಿಕೊಂಡು ಹೊರಗಿಟ್ಟರೆ ಅದು ದಬ್ಬಾಳಿಕೆ.

ಫ್ರೀಮಾಂಟ್ ಎಡವುವುದು ಈ ಎರಡನೆಯ ಷರತ್ತಿನಲ್ಲಿ. ಊರಿನ ದೊಡ್ಡ ದುಡಿಮೆಯೆಂದರೆ ಹಂದಿಮಾಂಸದ ಕಾರ್ಖಾನೆ. ಡಬ್ಬಿಯಲ್ಲಿ ಬರುವ ಸ್ಪ್ಯಾಮ್ ಎಂಬ ಮಾಂಸ ಇಲ್ಲೂ ತಯಾರಾಗುತ್ತಿತ್ತು. ವಲಸೆ ಕೂಲಿಗಳು ಬಂದದ್ದು ಮುಖ್ಯವಾಗಿ ಈ ಬಗೆಯ ಕೆಲಸಕ್ಕಾಗಿ. ನೌಕರರ ವಲಸೆ ಸ್ಥಿತಿಯನ್ನು ಗಣಕಯಂತ್ರದಲ್ಲಿ ಪರಿಶೀಲಿಸಬೇಕೆಂದು ಇದೇ ನಿಯಮ ಊರಿನ ಉದ್ಯಮಗಳಿಗೂ ಹೇಳಿತು. ಆದರೆ ಆ ಕಾರ್ಖಾನೆ ಇದ್ದದ್ದು ನಗರದ ಎಲ್ಲೆಯಿಂದ ಆಚೆಗೆ. ಊರಿನ ನಿಯಮ ಅದಕ್ಕೆ ತಾಗಲೇ ಇಲ್ಲ. ಹಗಲಿಡೀ ಎಲ್ಲೆಯ ಆಚೆ ಚಾಕು ಹಿಡಿದು ಹಂದಿ ಕೊಯ್ಯುವ ಮನುಷ್ಯನನ್ನು ಕೆಲಸದ ಜಾಗದಲ್ಲಿ ಊರು ಏನೂ ಕೇಳುವುದಿಲ್ಲ. ಸಂಜೆ ಎಲ್ಲೆಯೊಳಗೆ ಬಂದು ಮಲಗಲು ಮನೆ ಹುಡುಕಿದಾಗ ಐದು ಡಾಲರ್ ಮತ್ತು ದಾಖಲೆ ಕೇಳುತ್ತದೆ.

‘ಕಾನೂನು ಎಂದರೆ ಕಾನೂನು’ ಎನ್ನುವುದು ನಿಯಮದ ಪರ ಇದ್ದವರ ದೊಡ್ಡ ವಾದ. ಒಪ್ಪೋಣ. ಹಾಗಿದ್ದರೆ ಅದು ಎಲ್ಲರ ಮೇಲೂ ಒಂದೇ ಭಾರದಿಂದ ಬೀಳಬೇಕು. ಅಕ್ರಮವಾಗಿ ಬಂದವರನ್ನು ಗೊತ್ತಿದ್ದೂ ನೇಮಿಸಿಕೊಳ್ಳುವುದು 1986ರಿಂದ ಅಮೆರಿಕದಲ್ಲಿ ಕಾನೂನುಬಾಹಿರ. ‘ಗೊತ್ತಿದ್ದೂ’ ಎಂಬ ಆ ಒಂದು ಮಾತಿನ ಮರೆಯಲ್ಲಿ ಎಷ್ಟೋ ಉದ್ಯಮಗಳು ಬಚಾವಾಗಿವೆ. 2006ರ ಡಿಸೆಂಬರ್‌ನಲ್ಲಿ ಸ್ವಿಫ್ಟ್ ಕಂಪನಿಯ ಆರು ಮಾಂಸದ ಕಾರ್ಖಾನೆಗಳ ಮೇಲೆ ಒಂದೇ ದಿನ ದಾಳಿ ನಡೆದು ಸುಮಾರು 1,300 ಕೆಲಸಗಾರರು ಬಂಧನಕ್ಕೊಳಗಾದರು. ಅವುಗಳಲ್ಲಿ ಒಂದು ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನದು. ಸರ್ಕಾರದ ಪರಿಶೀಲನಾ ವ್ಯವಸ್ಥೆಯನ್ನು ಆ ಕಂಪನಿ ಬಳಸುತ್ತಲೇ ಇತ್ತು. ಬೇರೆಯವರ ನಿಜವಾದ ಹೆಸರು, ಸಂಖ್ಯೆ ತೋರಿಸಿದವರನ್ನು ಆ ವ್ಯವಸ್ಥೆ ಹಿಡಿಯಲಾರದು. ಕಂಪನಿಯ ಮೇಲೆ ಮೊಕದ್ದಮೆ ಬೀಳಲಿಲ್ಲ, ಕೆಲಸಗಾರರ ಸಂಸಾರಗಳು ಒಡೆದವು.

ಸ್ಥಳೀಯ ಕಾರ್ಮಿಕರ ದೂರಿನಲ್ಲೂ ಸತ್ಯವಿದೆ. ಒಂದು ಕಾಲದಲ್ಲಿ ಮಾಂಸದ ಕಾರ್ಖಾನೆಯ ಸಂಬಳದಲ್ಲಿ ಮನೆ ಕಟ್ಟಿ ಮಕ್ಕಳನ್ನು ಓದಿಸಬಹುದಿತ್ತು. ಎಂಬತ್ತರ ದಶಕದಲ್ಲಿ ಕಂಪನಿಗಳು ಕೂಲಿಗೆ ಕತ್ತರಿ ಹಾಕಿದವು. ಮಿನ್ನೆಸೋಟಾದ ಆಸ್ಟಿನ್‌ನಲ್ಲಿ ಹಾರ್ಮೆಲ್ ಕಂಪನಿ ನೂರಕ್ಕೆ 23ರಷ್ಟು ಕೂಲಿ ಇಳಿಸಲು ಹೊರಟಾಗ 1985ರಲ್ಲಿ ನಡೆದ ಮುಷ್ಕರ ಸೋತಿತು. ಕೂಲಿ ಬಿದ್ದು, ಕೆಲಸದ ವೇಗ ಏರಿದ ಮೇಲೆ ಆ ಜಾಗ ತುಂಬಿದವರಲ್ಲಿ ವಲಸಿಗರು ಹೆಚ್ಚು. ಅಂದರೆ ಕೂಲಿ ಇಳಿಸಿದ ನಿರ್ಧಾರ ವಲಸಿಗರದಲ್ಲ. ಅತ್ತೆ ಮೇಲಿನ ಕೋಪವನ್ನು ಕೊತ್ತಿ ಮೇಲೆ ತೀರಿಸಿಕೊಂಡಂತೆ, ಕಾರ್ಖಾನೆಯ ಮೇಲಿನ ಸಿಟ್ಟು ಬಾಡಿಗೆದಾರನ ಮೇಲೆ ತೀರುತ್ತಿದೆ.

ಅದೇ ಫ್ರೀಮಾಂಟ್‌ನಲ್ಲಿ 2019ರಲ್ಲಿ ಕಾಸ್ಟ್‌ಕೋ ಎಂಬ ಅಂಗಡಿ ಸರಣಿಗಾಗಿ ದೊಡ್ಡ ಕೋಳಿ ಕಾರ್ಖಾನೆ ಶುರುವಾಯಿತು. ವಾರಕ್ಕೆ ಸುಮಾರು 20 ಲಕ್ಷ ಕೋಳಿ ಕತ್ತರಿಸುವ ಅಂದಾಜಿನದು. ಸುಮಾರು ಸಾವಿರ ಕೆಲಸಗಾರರು ಬೇಕು. ಹುರಿದ ಇಡೀ ಕೋಳಿ 4.99 ಡಾಲರಿಗೆ ಸಿಗುವುದು ಹೇಗೆಂದು ಆ ಅಂಗಡಿಯ ಮುಂದೆ ಸಾಲು ನಿಲ್ಲುವವರು ಯೋಚಿಸುವುದಿಲ್ಲ. ಮತ ಹಾಕಿದವರೂ ಹಾಕದವರೂ ಅದನ್ನು ತಿನ್ನುತ್ತಾರೆ.

ಸಾಲಿನ ಮಾತು ಬಂದದ್ದರಿಂದ ಅಮೆರಿಕದಲ್ಲಿರುವ ನಮ್ಮವರ ವಾದವೊಂದನ್ನು ಇಲ್ಲೇ ನೋಡಬೇಕು. ‘ನಾವು ವರ್ಷಗಟ್ಟಲೆ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿದ್ದೇವೆ, ಇವರು ನುಗ್ಗಿ ಬಂದರು’ ಎಂದು ಎಚ್-1ಬಿ ವೀಸಾದ ಮೇಲೆ ಹೋದ ಕನ್ನಡಿಗರಲ್ಲಿ ಎಷ್ಟೋ ಮಂದಿ ಹೇಳುತ್ತಾರೆ. ಅವರ ಕಷ್ಟ ನಿಜ. ಒಂದು ದೇಶಕ್ಕೆ ನೂರಕ್ಕೆ ಏಳಕ್ಕಿಂತ ಹೆಚ್ಚು ಕಾರ್ಡ್ ಇಲ್ಲ ಎಂಬ ಮಿತಿ ಭಾರತೀಯರನ್ನು ದಶಕಗಟ್ಟಲೆ ಕಾಯಿಸುತ್ತಿದೆ. ಆದರೆ ಈ ಕನ್ನಡಿಗರಿಗೆ ಸಾಲಾದರೂ ಒಂದಿದೆ. ಓದಿಲ್ಲದ, ವಿಶೇಷ ಕೌಶಲವಿಲ್ಲದ ಕೆಲಸಗಾರರಿಗೆ ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ ಹತ್ತು ಸಾವಿರ ಗ್ರೀನ್ ಕಾರ್ಡ್ ಎಂದು 1990ರ ಕಾನೂನು ಮಿತಿ ಹಾಕಿದೆ. ಹಂಗಾಮಿ ಕೃಷಿ ಕೂಲಿಗೆ ಬೇರೆ ವೀಸಾ ಉಂಟು, ಆದರೆ ಹಂದಿ ಕೊಯ್ಯುವುದು ವರ್ಷಪೂರ್ತಿಯ ಕೆಲಸ. ಅದು ಆ ಲೆಕ್ಕಕ್ಕೆ ಬಾರದು. ಇಲ್ಲವೆನ್ನುವಷ್ಟು ಕಿರಿದಾದ ಬಾಗಿಲಿನ ಮುಂದೆ ನಿಲ್ಲು ಎನ್ನುವುದು ನ್ಯಾಯದ ಮಾತಲ್ಲ. ಇನ್ನು ಅಕ್ರಮ ವಲಸಿಗರೆಂದರೆ ಬೇರೆಯವರೇ ಎಂದು ನಾವು ನಿಶ್ಚಿಂತರಾಗಿರುವಂತೆಯೂ ಇಲ್ಲ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು.

ನೆಬ್ರಾಸ್ಕಾದವರು ಮರೆತಿರುವ ಒಂದು ಸಂಗತಿಯೂ ಇದೆ. ಮೊದಲ ಮಹಾಯುದ್ಧದ ಬಿಸಿ ಆರುವ ಮುನ್ನ, 1919ರಲ್ಲಿ, ಎಂಟನೇ ತರಗತಿ ಮುಗಿಸದ ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವಂತಿಲ್ಲ ಎಂದು ರಾಜ್ಯ ಕಾನೂನು ಮಾಡಿತು. ಗುರಿ ಜರ್ಮನ್ ವಲಸಿಗರು. ಹ್ಯಾಂಪ್ಟನ್ ಎಂಬ ಊರಿನ ಶಾಲಾ ಶಿಕ್ಷಕ ರಾಬರ್ಟ್ ಮೆಯರ್ ಹತ್ತು ವರ್ಷದ ಹುಡುಗನಿಗೆ ಜರ್ಮನ್‌ನಲ್ಲಿ ಬೈಬಲ್ ಕಥೆ ಓದಿಸಿದ್ದಕ್ಕೆ 25 ಡಾಲರ್ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಇಂದು ಆ ರಾಜ್ಯದ ಜನರಲ್ಲಿ ಜರ್ಮನ್ ಮನೆತನದವರೇ ದೊಡ್ಡ ಗುಂಪು.

ಗಡಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಗಡಿ ಕಾಯುವುದು ದೇಶದ ಕೆಲಸ, ಅದನ್ನು ಗಡಿಯಲ್ಲೇ ಮಾಡಲಿ. ಹತ್ತು ವರ್ಷ ದುಡಿಸಿಕೊಂಡ ಮೇಲೆ ಮಲಗುವ ಕೋಣೆಯ ಬಾಗಿಲಲ್ಲಿ ಗಡಿ ಎಳೆಯುವುದಕ್ಕೆ ಊರಿನ ಹಕ್ಕು ಎಂಬ ಹೆಸರು ಒಪ್ಪುವುದಿಲ್ಲ. ಅಮೆರಿಕದ ಊರುಗಳಲ್ಲಿ ಈಗ ಕನ್ನಡಿಗರೂ ಮತದಾರರು, ಕೆಲವರು ಮನೆ ಬಾಡಿಗೆಗೆ ಕೊಡುವವರು. ಇಂಥ ನಿಯಮ ನಿಮ್ಮ ನಗರಸಭೆಗೆ ಬಂದರೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ಇದು ಕಾರ್ಖಾನೆಗೂ ತಾಗುತ್ತದೆಯೇ? ಇಲ್ಲವೆಂದಾದರೆ ವಿರುದ್ಧ ಮತ ಹಾಕಿ.